ಬಣ್ಣ ಹಿಡಿಯದ ತುಣುಕು

ಗೌರಿಯ ಕುತ್ತಿಗೆಯ ಗಂಟನ್ನು ಮೊದಲು ನೋಡಿದವನು ನಾನು.

ಅವತ್ತು ಅವಳು ತಲೆಗೆ ನೀರು ಹಾಕಿಕೊಂಡು ಬಂದು, ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ನಾನು ಜಗಲಿಯ ನೆರಳಿನಲ್ಲಿ ಬಿದಿರು ಗಳಕ್ಕೆ ಬಣ್ಣ ಹಾಕಿದ ರೇಷ್ಮೆ ನೂಲಿನ ಲಡಿಗಳನ್ನು ಒಣಹಾಕುತ್ತಿದ್ದೆ. ಅವಳು ಕೂದಲನ್ನೆಲ್ಲ ಒಂದು ಪಕ್ಕಕ್ಕೆ ತಂದುಕೊಂಡು ಸಿಕ್ಕು ಬಿಡಿಸುವಾಗ ಎಡಗಿವಿಯ ಕೆಳಗೆ ಒಂದು ಉಬ್ಬು ಕಂಡಿತು. ನೆಲ್ಲಿಕಾಯಿಗಿಂತ ಒಂದು ಚೂರು ಸಣ್ಣದು.

“ಇದೇನಮ್ಮಿ ಇದು, ಕುತ್ಗೇಲಿ?”

“ಅದಾ? ಒಂದ್ ತಿಂಗ್ಳಾಯ್ತು. ನೋವಿಲ್ಲ ಏನಿಲ್ಲ, ಸುಮ್ಕಿರಿ.”

ನೋವಿಲ್ಲ ಎಂಬ ಒಂದೇ ಕಾರಣಕ್ಕೆ ಒಂದು ತಿಂಗಳು ನನಗೆ ಹೇಳಿರಲಿಲ್ಲ. ಹಸು ಒಂದು ಹೊತ್ತು ಮೇವು ಬಿಟ್ಟರೆ ಬೀದಿಗೆಲ್ಲ ಸಾರುವ ಹೆಂಗಸು ಇವಳು. ನನಗೆ ಸಿಟ್ಟು ಬಂತು. ಭಯವಾದಾಗ ನನಗೆ ಮೊದಲು ಬರುವುದು ಸಿಟ್ಟೇ. ಮದುವೆಯಾಗಿ ಇಪ್ಪತ್ತೇಳು ವರ್ಷವಾದ್ದರಿಂದ ಗೌರಿಗೆ ಅದು ಗೊತ್ತು. ನಾನು ಕೂಗಾಡಿದ್ದನ್ನು ಕೇಳಿಸಿಕೊಂಡು, ಮುಗಿದ ಮೇಲೆ, “ಆಯ್ತಲ್ಲ, ನಾಳೆ ಡಾಕ್ಟ್ರತ್ರ ಓಗನ” ಎಂದಳು.

ನನ್ನ ಕೆಲಸದ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಹೇಳದಿದ್ದರೆ ಮುಂದೆ ನಾನು ಮಾಡಿದ್ದು ಯಾರಿಗೂ ಅರ್ಥವಾಗುವುದಿಲ್ಲ. ಮಾಗಡಿಯಲ್ಲಿ ನಮ್ಮದೊಂದು ಸಣ್ಣ ಶೆಡ್ ಇದೆ. ರಾಮನಗರದಿಂದ ಕಚ್ಚಾ ರೇಷ್ಮೆ ಬರುತ್ತದೆ, ನಾವು ಬಣ್ಣ ಹಾಕಿ ನೇಕಾರರಿಗೆ ಕಳಿಸುತ್ತೇವೆ. ಕಚ್ಚಾ ರೇಷ್ಮೆಯ ಮೇಲೆ ಹುಳುವೇ ಬಿಟ್ಟ ಒಂದು ಅಂಟಿರುತ್ತದೆ. ಸೋಪಿನ ನೀರಿನಲ್ಲಿ ಕುದಿಸಿ ಅದನ್ನು ಬಿಡಿಸದೆ ಬಣ್ಣಕ್ಕೆ ಇಳಿಸಿದರೆ ನೂಲು ತೇಪೆ ತೇಪೆಯಾಗಿ ಬಣ್ಣ ಹಿಡಿಯುತ್ತದೆ, ಒಗೆದರೆ ಬಿಡುತ್ತದೆ. ನಮ್ಮಪ್ಪ ನನಗೆ ಕಲಿಸಿದ ಮೊದಲ ಪಾಠ ಬಣ್ಣದ್ದಲ್ಲ, ತೊಳೆಯುವುದರದ್ದು. ಲಡಿಯನ್ನು ಮೂಗಿನ ಹತ್ತಿರ ಹಿಡಿದು ಮೂಸು, ಏನಾದರೂ ವಾಸನೆ ಬಂದರೆ ಇನ್ನೊಂದು ಸಲ ತೊಳೆ ಎನ್ನುತ್ತಿದ್ದ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿ ಇಲ್ಲ ಎಂಬ ಜಂಬ ನನಗಿತ್ತು. ಈಗಲೂ ಒಸಿ ಇದೆ.

ನಮ್ಮ ಮಾಮೂಲಿ ಡಾಕ್ಟರು ಹತ್ತು ದಿನಕ್ಕೆ ಆಂಟಿಬಯಾಟಿಕ್ ಬರೆದುಕೊಟ್ಟರು. ಗಂಟು ಕರಗಲಿಲ್ಲ. ಅದರ ಕೆಳಗೇ ಇನ್ನೊಂದು ಎದ್ದಿತು. ಸಂಜೆಯಾದರೆ ಮೈ ಸಣ್ಣಗೆ ಬಿಸಿಯಾಗುತ್ತಿತ್ತು. ಗೌರಿ ತನ್ನ ರವಿಕೆಗಳ ಪಕ್ಕದ ಹೊಲಿಗೆಯನ್ನು ಒಂದೊಂದಾಗಿ ಒಳಕ್ಕೆ ಹಾಕಿಕೊಳ್ಳುವುದನ್ನು ನೋಡಿದೆ.

ಆಮೇಲೆ ಸೂಜಿ ಚುಚ್ಚಿ ನೋಡುವ ಟೆಸ್ಟ್ ಆಯಿತು. ಅದರಲ್ಲಿ ಏನೂ ಖಚಿತವಾಗಲಿಲ್ಲ. ನರ್ಸಿಂಗ್ ಹೋಮಿನ ಸರ್ಜನ್ ಗಂಟುಗಳನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿ, ಕೈ ತೊಳೆದುಕೊಂಡು ಬಂದು ಕೂತರು.

“ಎರಡರಲ್ಲಿ ಒಂದು. ಟಿ.ಬಿ. ಗಂಟು ಇರಬಹುದು. ಲಿಂಫೋಮಾ ಅಂತ ಇದೆ, ಅದೂ ಇರಬಹುದು.”

“ಅಂಗಂದ್ರೆ ಸಾರ್?” ಎಂದೆ.

“ಅದು ಒಂದು ಥರದ ಕ್ಯಾನ್ಸರ್.”

ಕ್ಯಾನ್ಸರ್.

ಗೌರಿ ತಿಪ್ಪಸಂದ್ರದ ಕಡೆಯವಳು. ಅವಳ ಅಕ್ಕ ಗಂಟಲ ಗಂಟಿನಲ್ಲೇ ಹೋದವಳು. ಕೊನೆಯ ಮೂರು ತಿಂಗಳು ಅಕ್ಕನಿಗೆ ಗಂಜಿ ಕುಡಿಸಿದ್ದು ಇವಳೇ. ಸರ್ಜನ್ ಆ ಮಾತು ಆಡಿದಾಗ ಇವಳು ನನ್ನ ಕಡೆಗೂ ನೋಡಲಿಲ್ಲ, ಅವರ ಕಡೆಗೂ ನೋಡಲಿಲ್ಲ. ಮಡಿಲಲ್ಲಿದ್ದ ಕೈಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. ಒಂದು ಗಂಟನ್ನು ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸೋಣ, ಆಗ ಯಾವುದೆಂದು ಗೊತ್ತಾಗುತ್ತದೆ ಎಂದರು ಸರ್ಜನ್.

ಶನಿವಾರ ಮಧ್ಯಾಹ್ನ ಗಂಟು ತೆಗೆದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯಲ್ಲಿ ಮುಗಿಸಿದರು. ಸಿಸ್ಟರ್ ನಾಗವೇಣಿ ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ನಾಗವೇಣಿ ಐವತ್ತು ದಾಟಿದವಳು, ಈ ಊರಿನ ಅರ್ಧ ಮಕ್ಕಳ ಹೆರಿಗೆ ನೋಡಿದವಳು. ನಮ್ಮ ಮಗಳು ಸವಿತಾ ಹುಟ್ಟಿದಾಗಲೂ ಅವಳೇ ಇದ್ದಳು.

“ಅಣ್ಣ, ಇದ್ನ ರಾಮನಗರದ ಲ್ಯಾಬಿಗೆ ಕೊಡ್ಬೇಕು. ಇವತ್ತು ನೀವು ಓಗೋವತ್ಗೆ ಮುಚ್ಬುಟ್ಟಿರ್ತಾರೆ. ಸೋಮವಾರ ಬೆಳಿಗ್ಗೆ ಓಗಿ. ಒಳ್ಗೆ ಫಾರ್ಮಲಿನ್ ಐತೆ. ಮುಚ್ಚಳ ತೆಗೀಬ್ಯಾಡಿ.”

“ಅವ್ರೇನ್ ಮಾಡ್ತಾರಮ್ಮ ಇದ್ನ?”

“ತೆಳ್ಳಗೆ ಕುಯ್ದು, ಬಣ್ಣ ಆಕಿ, ಮೈಕ್ರೋಸ್ಕೋಪಲ್ಲಿ ನೋಡ್ತಾರೆ.”

ಬಣ್ಣ ಹಾಕಿ. ಅವಳು ಹೇಳಿದ ಅಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಅದೊಂದೇ.

ಮನೆಗೆ ಬಂದು ಗೌರಿಯನ್ನು ಮಲಗಿಸಿದೆ. ಬಾಟಲಿ ತಂದಿದ್ದ ಕವರಿನಿಂದ ಕಣ್ಣು ಉರಿಯುವಂಥ ಘಾಟು ಬರುತ್ತಿತ್ತು. ಮುಚ್ಚಳದ ಅಂಚಿನಲ್ಲಿ ಸ್ವಲ್ಪ ಸೋರಿತ್ತು. ಶೆಡ್ಡಿನ ಕಟ್ಟೆಯ ಮೇಲೆ ಇಟ್ಟುಕೊಂಡು ನೋಡುತ್ತಾ ಕೂತೆ. ಇಷ್ಟು ಕೆಟ್ಟ ಕೆಮಿಕಲ್ಲಿನಲ್ಲಿ ಎರಡು ದಿನ ನೆನೆದರೆ ಬಣ್ಣ ಹೇಗೆ ಕೂರುತ್ತದೆ? ಆಸ್ಪತ್ರೆಯವರಿಗೆ ಕುಯ್ಯುವುದು ಗೊತ್ತು, ಬಣ್ಣದ ವಿಷಯ ಅವರಿಗೇನು ಗೊತ್ತು? ಬಣ್ಣ ಸರಿಯಾಗಿ ಹಿಡಿಯದಿದ್ದರೆ ಕಾಯಿಲೆ ಕಾಣುವುದಿಲ್ಲ. ಕಾಯಿಲೆ ಕಾಣದಿದ್ದರೆ ಗೌರಿಗೆ ಔಷಧಿ ಯಾವುದೆಂದು ಗೊತ್ತಾಗುವುದಿಲ್ಲ. ನಾನು ಇಷ್ಟೆಲ್ಲ ಯೋಚನೆ ಮಾಡಿದೆ. ಯೋಚನೆ ಮಾಡದೆ ಮಾಡಿದ ತಪ್ಪಲ್ಲ ಅದು.

ಮುಚ್ಚಳ ತೆಗೆದೆ.

ಹಲಸಿನ ಬೀಜದಷ್ಟು ಇತ್ತು. ಬೂದು ಬಣ್ಣ, ಒಂದು ಕಡೆ ಕೆಂಪು. ನನ್ನ ಗೌರಿಯ ಒಳಗಿದ್ದದ್ದು. ಅದನ್ನು ಅಂಗೈಯಲ್ಲಿ ಹಿಡಿದಾಗ ಹೇಸಿಗೆಯಾಗಲಿಲ್ಲ. ಫಾರ್ಮಲಿನ್ನನ್ನು ಮೋರಿಗೆ ಚೆಲ್ಲಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಸಲ, ಸೋಪಿನ ನೀರಿನಲ್ಲಿ ಒಂದು ಸಲ, ಮತ್ತೆ ಮೂರು ಸಲ ಬರೀ ನೀರಿನಲ್ಲಿ, ಹಸುಗೂಸಿನ ಕೈ ತೊಳೆದಂತೆ ತೊಳೆದೆ. ಮೂಸಿದೆ. ವಾಸನೆ ಹೋಗಿತ್ತು. ಬಾಟಲಿಯನ್ನೂ ತೊಳೆದು, ಕುಡಿಯುವ ಫಿಲ್ಟರ್ ನೀರು ತುಂಬಿ, ತುಣುಕನ್ನು ಅದರೊಳಗೆ ಬಿಟ್ಟು, ತಂಪಾಗಿರಲೆಂದು ನೀರಿನ ಮಡಕೆಯ ಪಕ್ಕದಲ್ಲಿ ಇಟ್ಟೆ. ಲ್ಯಾಬಿನವರು ನೋಡಿ, ಯಾರಪ್ಪ ಇಷ್ಟು ಚೊಕ್ಕಟವಾಗಿ ತಂದವನು ಎಂದು ಮೆಚ್ಚುತ್ತಾರೆಂದೂ ಅಂದುಕೊಂಡೆ. ಭಾನುವಾರ ಎರಡು ಸಲ ಹೋಗಿ ನೋಡಿಕೊಂಡು ಬಂದೆ. ನೀರು ತಿಳಿಯಾಗಿಯೇ ಇತ್ತು.

ಸೋಮವಾರ ಮೊದಲ ಬಸ್ಸಿಗೆ ಹೋಗಿ ಲ್ಯಾಬಿನ ಕಿಟಕಿಯಲ್ಲಿ ಕೊಟ್ಟು ಬಂದೆ.

ಒಂದು ವಾರ ಕಾದೆವು. ಆ ವಾರದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಗೌರಿ ಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿದಳು. ಯಾವ ಡಬ್ಬದಲ್ಲಿ ಏನಿದೆ ಎಂದು ನನಗೆ ತೋರಿಸಿದಳು. ಸಾಸಿವೆ ಇಲ್ಲಿ, ಮೆಂತ್ಯ ಇಲ್ಲಿ, ಹುಣಸೆಹಣ್ಣು ಅಟ್ಟದ ಮೇಲೆ. “ನಂಗ್ಯಾಕಮ್ಮಿ ಇದೆಲ್ಲ?” ಎಂದು ರೇಗಿದೆ. “ತಿಳ್ಕಂಡಿರಿ” ಎಂದಳು. ನಾನು ಶೆಡ್ಡಿಗೆ ಹೋಗಿ, ಒಲೆ ಹಚ್ಚದೆ, ಸುಮ್ಮನೆ ಕೂತು ಬಂದೆ.

ಸರ್ಜನ್ ರಿಪೋರ್ಟನ್ನು ಎರಡು ಸಲ ಓದಿದರು.

“ಸ್ಯಾಂಪಲ್ ಕೊಳೆತುಹೋಗಿದೆ. ಏನೂ ಹೇಳೋಕಾಗಲ್ಲ ಅಂತ ಬರೆದಿದ್ದಾರೆ. ಮತ್ತೆ ಬಯಾಪ್ಸಿ ಮಾಡಬೇಕು.”

ಮತ್ತೆ ಕುಯ್ಯಬೇಕು.

ಅವರು ಬೆಲ್ ಒತ್ತಿ ನಾಗವೇಣಿಯನ್ನು ಕರೆದರು. ನಮ್ಮ ಮುಂದೆಯೇ ಕೇಳಿದರು. “ಬಾಟಲಿಗೆ ಏನಮ್ಮ ಹಾಕಿದ್ದೆ? ಅದರಲ್ಲಿ ಬರೀ ನೀರಿತ್ತಂತೆ.”

“ಇಲ್ಲ ಸಾರ್, ಫಾರ್ಮಲಿನ್ನೇ ಆಕಿದ್ದು.”

“ಹಾಗಾದ್ರೆ ಅದು ನೀರಾಗಿದ್ದು ಹೇಗೆ? ಇಷ್ಟು ವರ್ಷದ ಸರ್ವೀಸ್ ನಿಂದು. ಒಬ್ಬರ ಜೀವದ ಪ್ರಶ್ನೆ ಇದು.”

ನಾಗವೇಣಿಯ ಮುಖ ಕೆಂಪಾಯಿತು. “ನಾನೇ ಸುರ್ದಿದ್ದು ಸಾರ್” ಎಂದು ಸಣ್ಣಗೆ ಹೇಳಿ ನನ್ನ ಕಡೆ ತಿರುಗಿದಳು. ಅವಳಿಗೆ ನನ್ನ ಮೇಲೆ ಅನುಮಾನ ಬಂದಿತ್ತೋ, ನಾನು ಸಾಕ್ಷಿ ಹೇಳುತ್ತೇನೆಂದು ಕಾಯುತ್ತಿದ್ದಳೋ, ಗೊತ್ತಿಲ್ಲ.

ನಾನು ಬಾಯಿ ಬಿಡಲಿಲ್ಲ.

ಪಕ್ಕದಲ್ಲಿ ಗೌರಿ ಕೂತಿದ್ದಳು. ಕುತ್ತಿಗೆಯ ಮೇಲೆ ಇನ್ನೂ ಪ್ಲಾಸ್ಟರ್ ಇತ್ತು. ನಾನು ತೊಳೆದೆ ಎಂದು ಅವಳ ಎದುರಿಗೆ ಹೇಳಬೇಕು. ನನ್ನಿಂದಲೇ ನಿನ್ನನ್ನು ಎರಡನೇ ಸಲ ಕುಯ್ಯುತ್ತಾರೆ ಎಂದು ಹೇಳಬೇಕು. ಹೊರಗೆ ಬಂದ ಮೇಲೆ ಗೌರಿಯೇ ನನ್ನನ್ನು ಸಮಾಧಾನ ಮಾಡಿದಳು. “ಆ ಲ್ಯಾಬ್ನೋರ್ಗೆ ಬಣ್ಣ ಆಕಕ್ಕೆ ಬರಾಕಿಲ್ವೇನೋ. ನಿಮ್ಮನ್ನೇ ಕಳಿಸ್ಬೇಕಿತ್ತು” ಎಂದು ನಕ್ಕಳು. ಆ ನಗು ನನಗೆ ಚೂರಿ ಹಾಕಿದಂತಾಯಿತು.

ಸ್ಯಾಂಪಲ್ ತಂದವರನ್ನು ಲ್ಯಾಬಿನ ಡಾಕ್ಟರು ನೋಡಬೇಕಂತೆ ಎಂದು ಸರ್ಜನ್ ಹೇಳಿದ್ದರು. ಮಾರನೆಯ ದಿನ ಒಬ್ಬನೇ ರಾಮನಗರಕ್ಕೆ ಹೋದೆ. ಒಂದು ಕಿರಿದಾದ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಡಾಕ್ಟರ್ ಶಾಹೀನಾ ಕೂತಿದ್ದರು. ವಯಸ್ಸು ನಲವತ್ತರ ಸುಮಾರು, ತಲೆಯ ಮೇಲೆ ದುಪಟ್ಟಾ, ಮೂಗಿನ ತುದಿಗೆ ಜಾರಿದ ಕನ್ನಡಕ. ನನ್ನ ಕೈ ನೋಡಿದರು. ಉಗುರಿನ ಸಂದಿಯಲ್ಲಿ ನೇರಳೆ ಬಣ್ಣ ಇತ್ತು.

“ಡೈಯಿಂಗ್ ಕೆಲಸಾನಾ ನಿಮ್ದು? ನಮ್ಮ ಅಬ್ಬಾ ರೀಲರ್, ಗೂಡಿಂದ ನೂಲು ತೆಗೆಯೋರು. ನಮ್ಮನೇಲಿ ದಿನಾ ಗೂಡು ಬೇಯೋ ವಾಸನೇಲೇ ನಾನು ಓದಿದ್ದು.”

ಆ ಮಾತಿನಿಂದ ನನಗೆ ಸ್ವಲ್ಪ ಧೈರ್ಯ ಬಂತು. ಎರಡು ಕಡೆ ಕಣ್ಣಿಟ್ಟು ನೋಡುವ ಮೈಕ್ರೋಸ್ಕೋಪ್ ಅದು. ಒಂದು ಕಡೆ ಅವರು, ಇನ್ನೊಂದು ಕಡೆ ನಾನು. ಮೊದಲು ಬೇರೆ ಯಾರದೋ ಒಂದು ಸ್ಲೈಡ್ ಇಟ್ಟರು. ನಾನು ಕಣ್ಣಿಟ್ಟೆ.

ಅಂಥ ಬಣ್ಣವನ್ನು ನಾನು ಜೀವಮಾನದಲ್ಲಿ ಹಾಕಿಲ್ಲ. ತಿಳಿ ಗುಲಾಬಿಯ ನೆಲ, ಅದರ ತುಂಬ ನೀಲಿ-ನೇರಳೆಯ ಸಣ್ಣ ಸಣ್ಣ ಚುಕ್ಕಿ, ರಾಗಿ ಹರವಿದ ಹಾಗೆ. ಒಂದೊಂದು ಚುಕ್ಕಿಗೂ ಸ್ಪಷ್ಟವಾದ ಅಂಚು. ಒಂದು ಬಣ್ಣ ಇನ್ನೊಂದರಲ್ಲಿ ಎಲ್ಲಿಯೂ ಬೆರೆತಿರಲಿಲ್ಲ.

“ನೀಲಿ ಇದೆಯಲ್ಲ, ಅದು ಜೀವಕೋಶದ ನ್ಯೂಕ್ಲಿಯಸ್. ಸುತ್ತಲಿನ ಗುಲಾಬಿ ಅದರ ಉಳಿದ ಮೈ. ಬಣ್ಣ ಹಾಕದಿದ್ದರೆ ಇದು ಬರೀ ಗಾಜಿನ ಹಾಗೆ, ಏನೂ ಕಾಣಲ್ಲ. ಈ ನೀಲಿ ಒಂದು ಮರದ ತಿರುಳಿಂದ ಬರೋ ಬಣ್ಣ.”

“ಪಟಿಕ ಆಕ್ತೀರಾ ಮೇಡಂ?” ಎಂದೆ. ಮರದ ಬಣ್ಣ ಎಂದ ಮೇಲೆ ಬಾಯಿ ಸುಮ್ಮನಿರಲಿಲ್ಲ.

ಅವರು ಕಣ್ಣು ತೆಗೆದು ನನ್ನನ್ನು ನೋಡಿದರು. “ಹೌದು! ಪಟಿಕ ಇಲ್ಲದಿದ್ರೆ ಕೂರೋದೇ ಇಲ್ಲ. ನಮ್ಮ ಕಾಲೇಜಲ್ಲಿ ಎಷ್ಟು ಜನಕ್ಕೆ ಈ ಪ್ರಶ್ನೆಗೆ ಉತ್ತರ ಬರ್ತಿರಲಿಲ್ಲ ಗೊತ್ತಾ?”

ನನ್ನ ಎದೆ ಉಬ್ಬಿತು. ಆಗ ಅವರು ಗೌರಿಯ ಸ್ಲೈಡ್ ಇಟ್ಟರು.

ಏನೂ ಇರಲಿಲ್ಲ.

ಗುಲಾಬಿಯೂ ಅಲ್ಲದ, ಕಂದೂ ಅಲ್ಲದ ಒಂದು ಮಂಕು. ನೀಲಿ ಚುಕ್ಕಿಗಳಿದ್ದ ಕಡೆ ಅಳಿಸಿಹೋದ ಗುರುತು. ಹಾಳಾದ ಲಡಿಯನ್ನು ನೋಡಿದ ಕೂಡಲೇ ತಪ್ಪು ಯಾವ ಹಂತದಲ್ಲಿ ಆಯಿತೆಂದು ಹೇಳಬಲ್ಲ ಮನುಷ್ಯ ನಾನು. ಇಲ್ಲಿ ತಪ್ಪು ಬಣ್ಣದವರದ್ದಲ್ಲ ಎಂದು ತಿಳಿಯಿತು. ನೂಲೇ ಸತ್ತಿತ್ತು.

“ಆ ನರ್ಸ್ ಮೇಲೆ ಕಂಪ್ಲೇಂಟ್ ಬರೀಬೇಕು ಅಂತಿದ್ದೀನಿ. ಅದಕ್ಕೆ ಮೊದಲು ನಿಮ್ಮನ್ನೊಂದು ಮಾತು ಕೇಳೋಣ ಅಂತ ಕರೆಸಿದೆ” ಎಂದರು ಡಾಕ್ಟರ್ ಶಾಹೀನಾ.

“ಬರೀಬ್ಯಾಡಿ ಮೇಡಂ. ಆಯಮ್ಮ ಮುಚ್ಚಳ ತೆಗೀಬ್ಯಾಡ ಅಂತ ಏಳಿದ್ಳು. ನಾನೇ ತೊಳ್ದಿದ್ದು.”

“ತೊಳೆದ್ರಾ? ಯಾಕೆ?”

“ಬಣ್ಣ ಚೆನ್ನಾಗಿ ಇಡೀಲಿ ಅಂತ.”

ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ರಂಗಸ್ವಾಮಿಯವರೇ, ಮಾರ್ಕೆಟ್ಟಿಂದ ತಂದ ಗೂಡನ್ನ ಬೇಯಿಸದೆ ಹಾಗೇ ಇಟ್ರೆ ಏನಾಗತ್ತೆ?”

“ಚಿಟ್ಟೆ ತೂತು ಮಾಡ್ಕಂಡು ಈಚೆಗ್ ಬತ್ತದೆ. ಗೂಡು ಹಾಳು.”

“ಇದೂ ಹಾಗೇ. ದೇಹದಿಂದ ತೆಗೆದ ಕೂಡಲೇ ಜೀವಕೋಶ ತನ್ನನ್ನು ತಾನೇ ತಿನ್ನೋಕೆ ಶುರು ಮಾಡತ್ತೆ. ಫಾರ್ಮಲಿನ್ ಅದನ್ನ ಇದ್ದ ಹಾಗೇ ನಿಲ್ಲಿಸತ್ತೆ. ಅದು ಕೊಳೆ ಅಲ್ಲ, ಕಾವಲು. ಆಮೇಲೆ ನಾವು ಮೇಣದಲ್ಲಿ ಕೂರಿಸಿ, ಗೂಡಿನ ಒಂದು ಎಳೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕೋದು. ನೀವು ಕಾವಲನ್ನ ಮೋರಿಗೆ ಚೆಲ್ಲಿದ್ರಿ.”

ನಾನು ಅತ್ತೆ. ಅಪ್ಪ ಸತ್ತಾಗಲೂ ಪರರ ಮುಂದೆ ಅಳದವನು, ಆ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಅತ್ತೆ. ಅವರು ಸರ್ಜನ್‌ಗೆ ಅಲ್ಲೇ ಫೋನ್ ಮಾಡಿ, ನರ್ಸಿನದು ತಪ್ಪಿಲ್ಲ ಎಂದು ಹೇಳಿದರು. ನನ್ನ ಹೆಂಡತಿಗೆ ಮಾತ್ರ ಹೇಳಬೇಡಿ ಎಂದು ಕೈಮುಗಿದೆ.

“ನಾನು ಹೇಳಲ್ಲ. ಅದು ನೀವು ಹೇಳೋ ಮಾತು” ಎಂದರು.

ಮಾಗಡಿಗೆ ಬಂದವನು ಮೊದಲು ನಾಗವೇಣಿಯನ್ನು ಹುಡುಕಿಕೊಂಡು ಹೋದೆ. ಕ್ಷಮಿಸಮ್ಮ ಎಂದೆ. ಅವಳು ಡ್ರೆಸ್ಸಿಂಗ್ ಟ್ರೇ ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ. “ಆವತ್ತು ಎಲ್ರೆದ್ರು ಬೈಸ್ಕೊಂಡೆ. ಇವತ್ತು ಯಾರೂ ಇಲ್ದಿದ್ದಾಗ ಬಂದ್ ಏಳ್ತಿದೀರಲ್ಲಣ್ಣ” ಎಂದಳು.

ಎರಡನೇ ಗಂಟು ತೆಗೆಯುವ ದಿನ ಗೌರಿಗೆ ಮೊದಲ ಸಲಕ್ಕಿಂತ ಜಾಸ್ತಿ ನೋವಾಯಿತು. ಒಳಗಿನಿಂದ ಅವಳು ‘ಅಮ್ಮಾ’ ಎಂದದ್ದು ಬಾಗಿಲಿನ ಹೊರಗೆ ನನಗೆ ಕೇಳಿಸಿತು. ಈ ಸಲ ನಾಗವೇಣಿ ಎರಡು ಬಾಟಲಿ ತಂದುಕೊಟ್ಟಳು. ತುಣುಕಿನ ಅರ್ಧ ಫಾರ್ಮಲಿನ್‌ನಲ್ಲಿ, ಬಣ್ಣ ಹಾಕಿ ನೋಡುವುದಕ್ಕೆ. ಇನ್ನರ್ಧ ಸಲೈನ್ ನೀರಿನಲ್ಲಿ, ಕ್ರಿಮಿ ಇದೆಯೇ ಎಂದು ಪರೀಕ್ಷೆ ಮಾಡುವುದಕ್ಕೆ. ಫಾರ್ಮಲಿನ್‌ನಲ್ಲಿ ಹಾಕಿದರೆ ಕ್ರಿಮಿ ಸಾಯುತ್ತದಂತೆ. ಎರಡೂ ಮುಚ್ಚಳಗಳಿಗೆ ಸುತ್ತ ಟೇಪ್ ಸುತ್ತಿದ್ದಳು, ನಾಲ್ಕು ಸುತ್ತು.

ಅಲ್ಲಿಂದ ಸೀದಾ ಬಸ್ ಸ್ಟ್ಯಾಂಡಿಗೆ ಹೋದೆ. ಗೌರಿಯ ಜೊತೆಗೆ ಇರಲೆಂದು ಕನಕಪುರದಿಂದ ಮಗಳು ಸವಿತಾ ಬಂದಿದ್ದಳು. ಬಸ್ಸಿನಲ್ಲಿ ಎರಡು ಬಾಟಲಿಗಳನ್ನೂ ತೊಡೆಯ ಮೇಲೆ ನಿಲ್ಲಿಸಿಕೊಂಡು, ಎರಡು ಕೈಯಲ್ಲೂ ಹಿಡಿದು ಕೂತೆ. ಪಕ್ಕದವರು ಏನದು ಎಂದು ಕೇಳಿದರು. “ನಮ್ಮ ಮನೆಯವ್ರು” ಎಂದುಬಿಟ್ಟೆ. ಅವರು ಮುಂದಿನ ಸ್ಟಾಪಿನಲ್ಲಿ ಬೇರೆ ಸೀಟಿಗೆ ಹೋದರು.

ಐದನೆಯ ದಿನ ಡಾಕ್ಟರ್ ಶಾಹೀನಾ ಫೋನ್ ಮಾಡಿದರು. ಬನ್ನಿ ಎಂದರು, ಬೇರೇನೂ ಹೇಳಲಿಲ್ಲ. ರಾಮನಗರದವರೆಗೆ ದಾರಿಯಲ್ಲಿ ಏನು ಕಂಡೆ, ಯಾರ ಜೊತೆ ಮಾತಾಡಿದೆ, ಒಂದೂ ನೆನಪಿಲ್ಲ.

ಈ ಸಲ ಗೌರಿಯ ಸ್ಲೈಡಿನಲ್ಲಿ ಬಣ್ಣ ಇತ್ತು. ನೀಲಿ ನೀಲಿಯಾಗಿ, ಗುಲಾಬಿ ಗುಲಾಬಿಯಾಗಿ. ನೀಲಿ ಚುಕ್ಕಿಗಳ ನಡುವೆ ದೊಡ್ಡ ಗುಲಾಬಿ ಗುಂಪುಗಳಿದ್ದವು. ಒಂದು ಕಡೆ ಮಾತ್ರ ಅಂಚೇ ಇಲ್ಲದ ಗುಲಾಬಿ ಮುದ್ದೆ.

“ಅದು ಸತ್ತ ಭಾಗ. ಗಂಟನ್ನ ಕುಯ್ದಾಗ ಅಲ್ಲಿ ಗಿಣ್ಣಿನ ಹಾಗೇ ಇರತ್ತೆ. ಪಕ್ಕದಲ್ಲಿ ನೋಡಿ, ಒಂದು ದೊಡ್ಡ ಕೋಶ. ಅದರೊಳಗೆ ನ್ಯೂಕ್ಲಿಯಸ್‌ಗಳು ಅಂಚಿನುದ್ದಕ್ಕೂ ಲಾಳದ ಹಾಗೆ ನಿಂತಿವೆ, ಕಂಡ್ವಾ?”

“ಕಂಡ್ವು. ಒಳ್ಳೇದಾ ಕೆಟ್ಟದ್ದಾ ಏಳ್ಬುಡಿ ಮೇಡಂ.”

“ಇನ್ನೊಂದು ತೋರಿಸ್ತೀನಿ, ಆಮೇಲೆ ಹೇಳ್ತೀನಿ. ಇದನ್ನ ನೀವು ನೋಡಲೇಬೇಕು. ಈ ಸ್ಲೈಡಿಗೆ ಕೆಂಪು ಬಣ್ಣ ಹಾಕಿ ಕಾಯಿಸ್ತೀವಿ. ಟಿ.ಬಿ. ಕ್ರಿಮಿಯ ಮೈ ಮೇಲೆ ಮೇಣದಂಥ ಪದರ ಇದೆ. ಬಿಸಿ ಮಾಡದೆ ಬಣ್ಣ ಒಳಗೆ ಹೋಗಲ್ಲ. ಹೋದ ಮೇಲೆ ಆಸಿಡ್‌ನಲ್ಲಿ ತೊಳೀತೀವಿ. ಎಲ್ಲದರ ಬಣ್ಣವೂ ಬಿಟ್ಟುಹೋಗತ್ತೆ. ಅದರದ್ದು ಮಾತ್ರ ಬಿಡಲ್ಲ.”

“ಪಕ್ಕಾ ಬಣ್ಣ.”

“ಪಕ್ಕಾ ಬಣ್ಣ. ಉಳಿದ ನೆಲಕ್ಕೆ ನೀಲಿ ಕೊಡ್ತೀವಿ. ಈಗ ಹುಡುಕಿ. ನನಗೆ ಒಂದು ಗಂಟೆ ಬೇಕಾಯ್ತು. ನಾಲ್ಕೇ ನಾಲ್ಕು ಇವೆ.”

ತಿಳಿ ನೀಲಿಯ ನೆಲ. ನಾನು ಉಸಿರು ಬಿಗಿಹಿಡಿದು ನೋಡಿದೆ. ಅಲ್ಲಿ, ಒಂದು ಮೂಲೆಯಲ್ಲಿ, ಕತ್ತರಿಸಿ ಬಿದ್ದ ಎಳೆಯ ತುದಿಯಂಥ ಒಂದು ಕೆಂಪು ಗೆರೆ. ಸ್ವಲ್ಪ ಬಾಗಿತ್ತು. ಅದರ ಹತ್ತಿರ ಇನ್ನೊಂದು.

“ಸಿಕ್ತು” ಎಂದೆ.

“ಅದೇ. ಸಲೈನ್‌ನಲ್ಲಿ ತಂದಿದ್ರಲ್ಲ, ಆ ಟೆಸ್ಟಲ್ಲೂ ಟಿ.ಬಿ. ಅಂತಲೇ ಬಂದಿದೆ. ಲಿಂಫೋಮಾ ಇಲ್ಲಿ ಎಲ್ಲೂ ಇಲ್ಲ.”

ಕ್ಯಾನ್ಸರ್ ಅಲ್ಲ.

ಟಿ.ಬಿ. ಎಂದು ಕೇಳಿ ಕುಣಿದಾಡಬೇಕೆನಿಸಿದ ಮನುಷ್ಯ ನಾನೊಬ್ಬನೇ ಇರಬೇಕು. ಡಾಕ್ಟರ್ ಶಾಹೀನಾ, “ಇದೂ ಸಣ್ಣ ಕಾಯಿಲೆ ಅಲ್ಲ, ಆರು ತಿಂಗಳು ಒಂದು ದಿನವೂ ಮಾತ್ರೆ ತಪ್ಪಬಾರದು” ಎಂದು ಎರಡೆರಡು ಸಲ ಹೇಳಿದರು. ಹೊರಗೆ ಬಂದು ಗೌರಿಗೆ ಫೋನ್ ಮಾಡಿದೆ. “ಅಕ್ಕಂಗ್ ಬಂದಿದ್ದಲ್ಲ ಕಣಮ್ಮಿ, ಅದಲ್ಲ” ಎಂದೆ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. “ಊಟ ಮಾಡಿದ್ರಾ?” ಎಂದು ಕೇಳಿದಳು.

ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ಬಂತು. ಮೊದಲ ತಿಂಗಳು ಕಷ್ಟವೇ ಆಯಿತು. ಮಾತ್ರೆ ನುಂಗಿ ಅರ್ಧ ಗಂಟೆಗೆಲ್ಲ ಹೊಟ್ಟೆ ತೊಳಸುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲಿನಿಂದ ಗಾಬರಿಯಾಗಿ ಕೂಗಿದಳು, ಉಚ್ಚೆ ಕಿತ್ತಳೆ ಬಣ್ಣ. ಆಸ್ಪತ್ರೆಯಲ್ಲಿ ಕೇಳಿದರೆ ಮಾತ್ರೆಯದೇ ಬಣ್ಣ, ಹೆದರಬೇಡಿ ಎಂದರು. “ಒಳ್ಗೂ ಬಣ್ಣದೋರೇ ಸೇರ್ಕಂಡವ್ರೆ” ಎಂದು ನಾನು ತಮಾಷೆ ಮಾಡಿದೆ. ಮುದ್ದೆ ಕಟ್ಟುವುದು ನನ್ನ ಪಾಲಿಗೆ ಬಂತು. ನನ್ನ ಮುದ್ದೆಯಲ್ಲಿ ಗಂಟೇ ಜಾಸ್ತಿ. “ಕುತ್ಗೇಲಿ ಇದ್ದಿದ್ದು ತಟ್ಟೇಗ್ ಬಂತು” ಎನ್ನುತ್ತಲೇ ಅವಳು ಅದನ್ನು ತಿಂದಳು. ಬೆಳಿಗ್ಗೆ ಅವಳು ಮಾತ್ರೆ ನುಂಗುವವರೆಗೂ ಲೋಟ ಹಿಡಿದುಕೊಂಡು ಎದುರಿಗೆ ನಿಲ್ಲುತ್ತಿದ್ದೆ. ಮೂರನೆಯ ತಿಂಗಳಿಗೆ ಸಂಜೆಯ ಜ್ವರ ನಿಂತಿತು. ನಾಲ್ಕನೆಯ ತಿಂಗಳಿಗೆ ರವಿಕೆಯ ಹೊಲಿಗೆ ಬಿಚ್ಚತೊಡಗಿದಳು. ಪ್ರೀತಿ ಇದೆ ಎಂದು ಬಾಯಲ್ಲಿ ಹೇಳುವ ಅಭ್ಯಾಸ ನಮ್ಮ ಕಡೆ ಇಲ್ಲ, ಇಲ್ಲಿ ಬರೆಯುತ್ತೇನೆ. ಆ ನಾಲ್ಕು ತಿಂಗಳಲ್ಲಿ ನನಗೆ ಅವಳ ಮೇಲೆ ಇದ್ದಷ್ಟು ಪ್ರೀತಿ ಮದುವೆಯಾದ ಹೊಸದರಲ್ಲೂ ಇರಲಿಲ್ಲ.

ಹೇಳಬೇಕಾದ ಮಾತನ್ನು ಮಾತ್ರ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಇವತ್ತು ಹೇಳೋಣ ಎಂದುಕೊಳ್ಳುತ್ತಿದ್ದೆ. ಮಾತ್ರೆ ನುಂಗುವಾಗ ಬೇಡ, ಉಣ್ಣುವಾಗ ಬೇಡ, ನಗುವಾಗಲಂತೂ ಬೇಡ. ಹೀಗೇ ಐದು ತಿಂಗಳು ಕಳೆಯಿತು.

ಐದನೆಯ ತಿಂಗಳು ಮುಗಿದಾಗ ಗೌರಿಯೇ ಕೇಳಿದಳು. “ಆ ಡಾಕ್ಟ್ರಮ್ಮನ್ನ ನಾನೂ ನೋಡ್ಬೇಕು. ನನ್ನೊಳ್ಗಿದ್ದಿದ್ನ ನೀವೊಬ್ರೇ ನೋಡ್ಕಂಡ್ ಬಂದ್ಬುಟ್ರಿ.”

ಒಂದು ಚೀಲ ಅವರೆಕಾಯಿ ತೆಗೆದುಕೊಂಡು ರಾಮನಗರಕ್ಕೆ ಹೋದೆವು. ಡಾಕ್ಟರ್ ಶಾಹೀನಾ ಅವಳ ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು. ಗೌರಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ.

“ಇದು ನಾನಾ?”

“ನೀವೇ ಕಣಮ್ಮ.”

“ಇಷ್ಟ್ ಚೆಂದಾಗಿದೀನಾ?” ಎಂದಳು. ಡಾಕ್ಟರ್ ನಕ್ಕರು. ನನಗೆ ನಗು ಬರಲಿಲ್ಲ. ಮೇಜಿನ ಮೇಲಿನ ಟ್ರೇಯಲ್ಲಿ ಅವಳ ಹೆಸರು ಬರೆದ ಸ್ಲೈಡುಗಳು ಇನ್ನೂ ಇದ್ದವು. ಗೌರಿ ಅದರಲ್ಲಿ ಒಂದನ್ನು ಬೆಳಕಿಗೆ ಹಿಡಿದಳು. “ಇದ್ಯಾಕೆ ಇಂಗೆ ಮಾಸೋಗೈತೆ?”

ಡಾಕ್ಟರ್ ಶಾಹೀನಾ ನನ್ನ ಕಡೆ ನೋಡಿದರು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಹೇಳಿದೆ. ಎಲ್ಲ ಹೇಳಿದೆ. ಮುಚ್ಚಳ ತೆಗೆದದ್ದು, ತೊಳೆದದ್ದು, ನಾಗವೇಣಿ ಬೈಸಿಕೊಳ್ಳುವಾಗ ಬಾಯಿ ಮುಚ್ಚಿಕೊಂಡು ನಿಂತದ್ದು. ಗೌರಿಯ ಕೈ ಕುತ್ತಿಗೆಗೆ ಹೋಯಿತು. ಅಲ್ಲಿ ಎರಡು ಗಾಯದ ಗುರುತುಗಳಿವೆ, ಒಂದರ ಕೆಳಗೆ ಒಂದು. ಕೆಳಗಿನದನ್ನು ಬೆರಳಿನಿಂದ ಸವರಿದಳು.

“ಐದ್ ತಿಂಗ್ಳು ಬೇಕಾಯ್ತಾ ಏಳಕ್ಕೆ?” ಎಂದಳು. “ಪಾಪ, ಆ ನಾಗವೇಣಿ.”

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇಪ್ಪತ್ತೇಳು ವರ್ಷದಲ್ಲಿ ಅವಳ ಬೈಗುಳ ಕೇಳಿದ್ದೇನೆ, ಅಳು ಕೇಳಿದ್ದೇನೆ. ಮಾತೇ ಆಡದ ಗೌರಿಯನ್ನು ನೋಡಿದ್ದು ಅದೇ ಮೊದಲು. ಅರ್ಧ ದಾರಿ ಹಾಗೇ ಕಳೆಯಿತು. ಇವಳು ಬದುಕಿದ್ದಾಳೆ, ಪಕ್ಕದಲ್ಲಿ ಕೂತಿದ್ದಾಳೆ, ಬೇಕಾದರೆ ಜೀವನಪೂರ್ತಿ ಹೀಗೇ ಮುಖ ತಿರುಗಿಸಿಕೊಂಡಿರಲಿ ಎಂದುಕೊಂಡೆ.

“ಯಾವ್ ಸೋಪು?” ಎಂದಳು ಇದ್ದಕ್ಕಿದ್ದಂತೆ, ತಿರುಗದೆ.

“ಆಂ?”

“ತೊಳುದ್ರಲ್ಲ. ಯಾವ್ ಸೋಪಾಕಿದ್ರಿ?”

“ಬಿಳಿ ರೇಷ್ಮೆಗ್ ಆಕ್ತೀವಲ್ಲ, ಅದು. ಬೀಗ ಆಕಿ ಇಟ್ಟಿರ್ತೀನಲ್ಲ, ಆ ಡಬ್ಬದ್ದು.”

ಅವಳು ಈಗ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು.

“ಮದ್ವೆ ಸೀರೆ ತೊಳೀಬೇಕು, ಒಂದ್ ಚಮಚ ಕೊಡಿ ಅಂದ್ರೆ ಆ ಡಬ್ಬ ಮುಟ್ಟಕ್ ಬುಟ್ಟಿರ್ಲಿಲ್ವಲ್ರೀ ನೀವು” ಎಂದಳು. ತುಟಿ ಅದುರಿತು. ಆಮೇಲೆ, ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಗತೊಡಗಿದಳು.